ಬಳೆ ತೊಟ್ಟ ವಿಮಾನ

ನಮ್ಮ ಬೀದಿಯಲ್ಲಿ ವಿಮಾನ ಹತ್ತಿದವರು ಯಾರೂ ಇರಲಿಲ್ಲ. ಆದರೂ ಅಮೆರಿಕದ ಒಂದು ದೊಡ್ಡ ವಿಮಾನ ಕಂಪನಿ ಬಾಗಿಲು ಹಾಕಿತು ಅಂತ ಗೊತ್ತಾದ ದಿನ ಚನ್ನಪಟ್ಟಣದ ಈ ಸಂದಿಯ ನಾಲ್ಕಾರು ಮನೆಗಳಲ್ಲಿ ಒಲೆ ಉರಿಯಲಿಲ್ಲ. ಈಗ ಹೇಳಿದರೆ ನಗುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೇಕೆ ಬರೆ ಅಂತ ಕೇಳುತ್ತಾರೆ. ಕೇಳಿಕೊಳ್ಳಲಿ. ಆ ಎತ್ತಿನ ಕೊರಳಿಗೆ ಗಂಟೆ ಕಟ್ಟಿದವರು ನಾವು, ನಮಗೆ ಸಂಕಟವಾಗದೆ ಇನ್ಯಾರಿಗೆ ಆಗಬೇಕಿತ್ತು?

ನಾನು ಹುಟ್ಟಿದ್ದು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆ. ರಾಗಿ ಹೊಲದಲ್ಲಿ ಕಳೆ ಕೀಳುತ್ತ, ಮಧ್ಯೆ ಮಧ್ಯೆ ಶಾಲೆಗೂ ಹೋಗಿ, ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ವಿಮಾನ ಅಂದರೆ ನನಗೆ ಆಕಾಶದಲ್ಲಿ ಎಳೆದ ಬಿಳಿ ಗೆರೆ, ಅಷ್ಟೇ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೆ ಗೊತ್ತಾಯಿತು, ನಮ್ಮ ಮನೆಯವರು ಗೊಂಬೆ ಕಡೆಯುವ ಕಸುಬಿನಲ್ಲಿ ಎಷ್ಟು ಮುಳುಗಿದ್ದಾರೆಂದರೆ, ಮದುವೆಯ ಮಾರನೆಯ ದಿನವೇ ಲೇತಿನ ಮುಂದೆ ಕೂತಿದ್ದರು. ತಲೆತುಂಬ ಮರದ ಹೊಟ್ಟು, ಅಕ್ಷತೆಯ ಜೊತೆ ಬೆರೆತು ಯಾವುದು ಯಾವುದೋ ತಿಳಿಯುತ್ತಿರಲಿಲ್ಲ. ನನಗೆ ಉರಿದುಹೋಯಿತು. ಆದರೆ ಹತ್ತಿರ ಹೋಗಿ ನೋಡುತ್ತ ನಿಂತವಳು ಬಯ್ಯುವುದನ್ನೇ ಮರೆತೆ.

ಈ ಕೆಲಸ ನೋಡಲು ಬಲು ಸುಲಭ. ಆಲೆ ಅನ್ನುವ ಮೆದು ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಅದಕ್ಕೆ ಉಳಿ ಹಿಡಿದರೆ ದುಂಡಗಾಗುತ್ತದೆ, ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಮಿರಮಿರ ಮಿಂಚುತ್ತದೆ. ಆದರೆ ತಿರುಗುವ ಮರಕ್ಕೆ ಬಣ್ಣ ಹಿಡಿದರೆ ಅದು ಸುತ್ತಲೂ ಹತ್ತುತ್ತದೆಯೇ ಹೊರತು ಉದ್ದಕ್ಕೆ ಹತ್ತುವುದಿಲ್ಲ. ಉಂಗುರ ಬರುತ್ತದೆ, ಗೆರೆ ಬರುವುದಿಲ್ಲ. ಮುಂದೆ ಆದದ್ದೆಲ್ಲ ಆದದ್ದು ಇದರಿಂದಲೇ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ನಮ್ಮ ಸಂದಿಯಲ್ಲಿ ಯಾವ ಮನೆಯವರು ಹೊಸ ನಮೂನೆಯ ಗೊಂಬೆ ಮಾಡಿದರೂ ಮೊದಲನೆಯದನ್ನು ಮಾರುತ್ತಿರಲಿಲ್ಲ. ಹಲ್ಲು ಮೂಡುತ್ತಿರುವ ಮಗುವಿನ ಕೈಗೆ ಅದನ್ನು ಕೊಡಬೇಕು. ಮಗು ಬಾಯಿಗಿಟ್ಟು ಕಚ್ಚಬೇಕು, ಚೀಪಬೇಕು, ಎಸೆಯಬೇಕು. ಎಲ್ಲಾದರೂ ಚುಚ್ಚಿ ಅತ್ತಿತೋ, ನಮೂನೆ ತಿದ್ದಬೇಕು. ಅಳದೆ ಆಡಿತೋ, ಆ ಕಚ್ಚಿದ ಗೊಂಬೆಯನ್ನು ತೊಳೆದು ಒರೆಸಿ ಗೋಡೆಯ ಗೂಡಿನಲ್ಲಿ, ದೀಪದ ಪಕ್ಕದಲ್ಲಿ ಇಡಬೇಕು. ಹಿಂದೂಗಳ ಮನೆಯಲ್ಲೂ ಇದೇ, ಸಾಬರ ಮನೆಯಲ್ಲೂ ಇದೇ. ಒಂದೊಂದು ಮನೆಯ ಗೂಡಿನಲ್ಲೂ ಆ ಮನೆಯ ಮಕ್ಕಳು ಕಚ್ಚಿದ ಗೊಂಬೆಗಳು ಸಾಲಾಗಿ ಇರುತ್ತಿದ್ದವು. ದೊಡ್ಡವರಾದ ಮೇಲೆ ಆ ಮಕ್ಕಳಿಗೇ ತೋರಿಸಿ, ನೋಡೋ ಇದು ನಿನ್ನ ಹಲ್ಲು ಅಂತ ಛೇಡಿಸುತ್ತಿದ್ದರು.

ನಮ್ಮ ಮನೆಯ ಗೂಡಿನಲ್ಲೂ ಗೊಂಬೆಗಳಿದ್ದವು. ಆದರೆ ಹಲ್ಲುಗಳೆಲ್ಲ ಬೇರೆಯವರ ಮಕ್ಕಳದು. ನಮಗೆ ಮಕ್ಕಳಾಗಲಿಲ್ಲ. ಡಾಕ್ಟರು, ಹರಕೆ, ದರ್ಗಾ, ಎಲ್ಲ ಆಯಿತು. ಅದನ್ನೆಲ್ಲ ಬರೆಯುತ್ತ ಕೂರುವ ಮನಸ್ಸು ನನಗಿಲ್ಲ. ಹೊಸ ನಮೂನೆ ಕೈಗೆ ಬಂದಾಗಲೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡು ಯಾರದೋ ಮನೆಯ ಮುಂದೆ ನಿಂತು, ನಿಮ್ಮ ಮಗೂನ ಒಂಚೂರು ಕೊಡ್ತೀರಾ ಅಂತ ಕೇಳಬೇಕಲ್ಲ, ಆಗ ಮಾತ್ರ ಅವರ ಮುಖ ನೋಡದೆ ನೆಲ ನೋಡಿ ಮಾತಾಡುತ್ತಿದ್ದೆ. ಅವರೇನೋ ಸಂತೋಷದಿಂದಲೇ ಕೊಡುತ್ತಿದ್ದರು. ವಾಪಸ್ಸು ಕೊಟ್ಟು ಬರುವಾಗ ತೋಳು ಹಗುರವಾಗಿ, ನನ್ನ ತೋಳಿನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಬೆಂಗಳೂರಿನಿಂದ ಒಬ್ಬ ಏಜೆಂಟ್ ಬರುತ್ತಿದ್ದ. ಮಾತು ಜಾಸ್ತಿ, ಮನುಷ್ಯ ಕೆಟ್ಟವನಲ್ಲ. ಒಂದು ದಿನ ಸ್ಕೂಟರಿನಲ್ಲಿ ಬಂದು, ಮಡಿಸಿದ್ದ ಒಂದು ದೊಡ್ಡ ಕಾಗದ ಬಿಚ್ಚಿದ. ಅದರಲ್ಲಿ ವಿಮಾನದ ಚಿತ್ರ. ಬೆಳ್ಳಗಿನ ಮೈ, ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಒಂದು ನೀಲಿ ಪಟ್ಟೆ. ಅಮೆರಿಕದಲ್ಲೇ ದೊಡ್ಡ ಕಂಪನಿಯಂತೆ. ಸಮುದ್ರದ ಮೇಲೆ ಮೊದಮೊದಲು ಹಾರಿದವರಲ್ಲಿ ಅವರೂ ಸೇರಿದ್ದರಂತೆ. ಅವರ ವಿಮಾನ ಹತ್ತುವ ಮಕ್ಕಳಿಗೆಲ್ಲ ಒಂದೊಂದು ಮರದ ವಿಮಾನ ಕೊಡುತ್ತಾರಂತೆ.

"ಪ್ರಪಂಚನೇ ಸುತ್ತೋ ಕಂಪನಿ ಕಣಯ್ಯಾ. ನೀನು ಇಲ್ಲಿ ಕೂತು ಮಾಡಿದ್ದು ಅಲ್ಲಿ ಮೋಡದ ಮೇಲೆ ಹೋಯ್ತದೆ," ಅಂದ ಏಜೆಂಟ್.

ನಮ್ಮ ಮನೆಯವರು ಚಿತ್ರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಮೈಯನ್ನು ಲೇತಿನಲ್ಲಿ ಅವರು ಕಡೆಯುವುದು, ರೆಕ್ಕೆ ಬಾಲಗಳನ್ನು ನಾನು ಗರಗಸದಲ್ಲಿ ಕೊಯ್ದು, ಉಜ್ಜಿ, ಮೈಗೆ ಕೂರಿಸುವುದು ಅಂತ ತೀರ್ಮಾನವಾಯಿತು. ಮೊದಲ ವಿಮಾನ ತಯಾರಾದಾಗ ನಾನು ನೋಡಿದೆ. ನೀಲಿ ಪಟ್ಟೆ ಉದ್ದಕ್ಕಿಲ್ಲ. ಕುತ್ತಿಗೆಗೊಂದು, ಹೊಟ್ಟೆಗೊಂದು, ಸೊಂಟಕ್ಕೊಂದು ಉಂಗುರವಾಗಿ ಕೂತಿದೆ.

"ಇದೇನಿದು, ಚಿತ್ರದಲ್ಲಿ ಗೆರೆ ಉದ್ದಕ್ಕೆ ಐತಲ್ಲ?" ಅಂದೆ.

"ಚಿತ್ರ ಬರ್ದೋನು ಪಕ್ಕದಿಂದ ನೋಡಿ ಬರ್ದವ್ನೆ ಕಣೇ. ಬಣ್ಣ ಅನ್ನೋದು ಮೈ ಸುತ್ತ ಬರದಲ್ವಾ? ಉದ್ದಕ್ಕೆ ಎಲ್ಲಾದ್ರೂ ಬತ್ತದಾ?" ಅಂದರು, ನನಗೇ ಬುದ್ಧಿ ಹೇಳುವವರ ಹಾಗೆ.

ಹುಟ್ಟಿದಾಗಿನಿಂದ ಲೇತು ನೋಡಿದ ಕಣ್ಣು ಅದು. ನನಗೂ ಹೌದಲ್ಲ ಅನ್ನಿಸಿತು, ಏನು ಮಾಡೋಣ!

ಎದುರು ಮನೆಯವರು ನಮ್ಮ ಹಾಗೆಯೇ ಗೊಂಬೆ ಮಾಡುವ ಸಾಬರು. ಅವರ ಮನೆಯಲ್ಲಿ ಆಗ ಒಂದು ಹೆಣ್ಣು ಮಗು, ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಂಥ ಹಲ್ಲು ಇಣುಕುತ್ತಿತ್ತು. ವಿಮಾನ ಕೈಗೆ ಕೊಟ್ಟೆ. ಮೂತಿಯನ್ನು ಬಾಯಿಗಿಟ್ಟು ಕಡಿಯಿತು, ಚೆನ್ನಾಗಿತ್ತು. ತಿರುಗಿಸಿ ಬಾಲವನ್ನು ಬಾಯಿಗಿಟ್ಟು ಕಿಟಾರನೆ ಕಿರುಚಿತು. ಬಾಲದ ತುದಿ ಚೂಪಾಗಿತ್ತು. ಅವರಮ್ಮ "ಅರೆ, ಏನಿಲ್ಲ ಬಿಡಕ್ಕ" ಅಂದರೂ ನಾನು ವಿಮಾನ ಇಸಿದುಕೊಂಡೆ. ಮನೆಗೆ ಬಂದು ಬಾಲವನ್ನೂ ರೆಕ್ಕೆಯ ತುದಿಗಳನ್ನೂ ಬೆರಳಿನ ತುದಿಯ ಹಾಗೆ ದುಂಡಗೆ ಉಜ್ಜಿದೆ. ಮತ್ತೆ ಕೊಟ್ಟಾಗ ಮಗು ಅಳದೆ ಕಡಿದು ಆಡಿತು, ಆ ವಿಮಾನ ನಮ್ಮ ಗೂಡು ಸೇರಿತು.

ಮಾಲು ತೆಗೆದುಕೊಂಡು ಹೋಗಲು ಬಂದ ಏಜೆಂಟ್ ತಲೆ ತಲೆ ಚಚ್ಚಿಕೊಂಡ. "ಅಯ್ಯೋ ನಿಮ್ಮ ಮನೆ ಕಾಯ್ವೋಗ! ವಿಮಾನ ಅಂದ್ರೆ ಬುಗುರಿ ಅಂದ್ಕೊಂಡ್ಯಾ? ಪಟ್ಟೆ ಉದ್ದಕ್ಕಲ್ವೇನಯ್ಯಾ ಇರಾದು! ಬಾಲ ನೋಡು, ನಾಯಿ ನಾಲಿಗೆ ಇದ್ದಂಗೈತೆ. ನಿಜವಾದ ವಿಮಾನದ ಬಾಲ ಚೂಪಾಗಿರ್ತದೆ!"

"ನಿಜವಾದ್ದ ಯಾರು ಬಾಯಿಗೆ ಮಡೀಕತ್ತಾರೆ?" ಅಂದರು ನಮ್ಮ ಮನೆಯವರು.

ತಿದ್ದಲು ಹೊತ್ತಿರಲಿಲ್ಲ. ಬಯ್ದುಕೊಂಡೇ ಮೂಟೆ ಕಟ್ಟಿಸಿಕೊಂಡು ಹೋದ. ನಾವು ಕೆಲಸ ಹೋಯಿತು ಅಂದುಕೊಂಡೆವು. ಆದರೆ ಕೆಲವು ತಿಂಗಳ ಮೇಲೆ ಆ ಕಂಪನಿಯ ಒಬ್ಬ ಅಮ್ಮ, ಬಿಳಿಯ ಹೆಂಗಸು, ಏಜೆಂಟನ ಜೊತೆ ಕಾರಿನಲ್ಲಿ ನಮ್ಮ ಸಂದಿಗೇ ಬಂದಳು. ಬೈಯಲು ಇಷ್ಟು ದೂರ ಬಂದಳಲ್ಲಪ್ಪ ಅಂದುಕೊಂಡೆ. ಆಕೆ ಜಗಲಿಯ ಮೇಲೆ ಕೂತು, ವಿಮಾನವನ್ನು ಕೈಯಲ್ಲಿ ತಿರುಗಿಸಿ ಅದರ ಮೈಮೇಲಿನ ಉಂಗುರಗಳನ್ನು ತೋರಿಸಿದಳು. ಆಮೇಲೆ ನನ್ನ ಕೈ ಹಿಡಿದು ಹಸಿರು ಬಳೆಗಳನ್ನು ತೋರಿಸಿದಳು. ಬಾಯಿತುಂಬ ನಕ್ಕಳು. ಮಕ್ಕಳಿಗೆ ಇದೇ ಇಷ್ಟವಂತೆ, ಇದೇ ಥರ ಬೇಕಂತೆ, ಏನೂ ಬದಲಾಯಿಸಬಾರದಂತೆ ಅಂದ ಏಜೆಂಟ್, ಏನೋ ತನ್ನದೇ ಐಡಿಯಾ ಅನ್ನುವ ಹಾಗೆ ಎದೆಯುಬ್ಬಿಸಿ.

ಅವತ್ತಿನಿಂದ ಸಂದಿಯಲ್ಲಿ ಅದಕ್ಕೆ ಬಳೆ ವಿಮಾನ ಅಂತಲೇ ಹೆಸರು. ಹೋಗುವಾಗ ಆಕೆ ಒಂದು ಕ್ಯಾಲೆಂಡರ್ ಕೊಟ್ಟಳು. ನಮ್ಮ ಬಾಗಿಲಿನಷ್ಟು ದೊಡ್ಡದು. ತಿಂಗಳಿಗೊಂದು ಊರಿನ ಚಿತ್ರ, ಎಲ್ಲ ಊರಿನ ಮೇಲೂ ಆ ನೀಲಿ ಪಟ್ಟೆಯ ವಿಮಾನ. ಪಟ್ಟೆ ಉದ್ದಕ್ಕೇ ಇತ್ತು. ನಮ್ಮ ಮನೆಯವರು ಅದನ್ನು ಬಹಳ ಹೊತ್ತು ನೋಡಿ, "ಇವ್ರೇ ತಪ್ಪು ಬಳ್ದವ್ರೆ" ಅಂದರು. ಹುಟ್ಟುಗುಣ ಸುಟ್ಟರೂ ಹೋಗದು.

ಆಮೇಲಿನ ಕಾಲ ಚೆನ್ನಾಗಿತ್ತು. ಕಂಪನಿ ಬೆಳೆದ ಹಾಗೆ ನಮ್ಮ ವಿಮಾನವೂ ಬೆಳೆಯಿತು. ಮೊದಲು ಬರಿ ಮೈ ಮತ್ತು ರೆಕ್ಕೆ. ಆಮೇಲೆ ಚಕ್ರ ಬಂತು. ಆಮೇಲೆ ರೆಕ್ಕೆಯ ಕೆಳಗೆ ಇಂಜಿನ್ನುಗಳು ಬಂದವು, ಮೂಗಿನಲ್ಲಿ ದಾರ ಕಟ್ಟಿ ಎಳೆಯಲು ಒಂದು ಮಣಿ ಬಂತು. ಎದುರು ಮನೆಯವರೂ ಪಕ್ಕದವರೂ ಇದೇ ಕೆಲಸಕ್ಕೆ ಕೂತರು. ಬೆಳಗಾದರೆ ಸಂದಿಯಿಡೀ ಲೇತಿನ ಗುಂಯ್‌ಗುಟ್ಟುವ ಸದ್ದು, ಬಿಸಿ ಅರಗಿನ ವಾಸನೆ. ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಬರುತ್ತಿತ್ತು. ಕ್ಯಾಲೆಂಡರಿನಲ್ಲಿ ಊರುಗಳು ಹೆಚ್ಚುತ್ತ ಹೋದವು. ನಾನು ಹೆಸರುಗಳನ್ನು ಕೂಡಿಸಿ ಕೂಡಿಸಿ ಓದಿ ಹೇಳಿದರೆ ಇವರು ಉಳಿ ಮಸೆಯುತ್ತ ಕೇಳುತ್ತಿದ್ದರು.

ಇವರಿಗೆ ಒಂದು ಅಭ್ಯಾಸ ಬಿತ್ತು. ನಾನು ರೆಕ್ಕೆ ಕೂರಿಸಿ ಕೊಟ್ಟ ಮೇಲೆ, ಪ್ರತಿಯೊಂದು ವಿಮಾನದ ಮೂತಿಯನ್ನೂ ಹೆಬ್ಬೆರಳಿನಲ್ಲಿ ಒಂದು ಸಲ ಸವರಿ, "ಓಗ್ಬುಟ್ಟು ಬಾ ಮಗ" ಅಂದು ಬುಟ್ಟಿಗೆ ಹಾಕುವುದು. ಎಷ್ಟೇ ಅವಸರವಿರಲಿ, ಇದು ತಪ್ಪಿದ್ದಿಲ್ಲ. ಮೊದಮೊದಲು ನಾನು ನಕ್ಕೆ. "ಅದೇನು ವಾಪಸ್ ಬರ್ತದಾ, ಬಾ ಬಾ ಅಂತ ಕರೆಯೋಕೆ?" ಅಂತ ರೇಗಿಸಿದೆ. "ಮನೆಯಿಂದ ಹೊಂಟೋರಿಗೆ ಹೋಗು ಅಂತಾರೇನೇ?" ಅಂದರು. ಆಮೇಲೆ ನಾನು ನಗಲಿಲ್ಲ.

ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಕೇಳುತ್ತಿದ್ದರು: "ಅಲ್ಲಾ, ಮೊನ್ನೆ ಕಳಿಸಿದ್ದು ಈಗ ಯಾವ ಮಗೀನ ಕೈಲಿ ಇರಬೋದು? ಗಂಡೋ, ಹೆಣ್ಣೋ? ಹೊರಗಡೆ ಮಣ್ಣಲ್ಲಿ ಆಡ್ತಿರ್ತದಾ?" ನನಗೇನು ಗೊತ್ತು. ಅಲ್ಲಿ ಮಣ್ಣಲ್ಲಿ ಆಡಲ್ಲ, ಕಾರ್ಪೆಟ್ಟಿನ ಮೇಲೆ ಆಡ್ತಾವೆ ಅನ್ನುತ್ತಿದ್ದೆ. ಸರಿ, ಮಾರನೆಯ ದಿನ ಚಕ್ರಗಳನ್ನು ಕಾರ್ಪೆಟ್ಟಿಗಾಗಿ ಅಂತ ಒಸಿ ಅಗಲ ಮಾಡುತ್ತಿದ್ದರು. ನಮಗೆ ಕೊಡದ ದೇವರು ಯಾವುದೋ ದೇಶದ ಮಕ್ಕಳನ್ನೆಲ್ಲ ಇವರ ತಲೆಯೊಳಗೆ ತುಂಬಿದ್ದ.

ಇಳಿಗಾಲ ಶುರುವಾಗಿದ್ದು ನಮಗೆ ಗೊತ್ತಾದದ್ದು ಕ್ಯಾಲೆಂಡರಿನಿಂದ. ಒಂದು ವರ್ಷ ಅದು ಬಾಗಿಲಿನಷ್ಟಿರಲಿಲ್ಲ, ಕಿಟಕಿಯಷ್ಟಿತ್ತು. ಮುಂದಿನ ವರ್ಷ ಒಂದೇ ಹಾಳೆ. ಅದರ ಮುಂದಿನ ವರ್ಷ ಜೇಬಿನಲ್ಲಿಡುವಂಥ ರಟ್ಟಿನ ಚೂರು. ವಿಮಾನವೂ ಹಾಗೆಯೇ ಕರಗುತ್ತ ಬಂತು. ಮೂಗಿನ ದಾರ ಬೇಡ ಅಂದರು. ಇಂಜಿನ್ ಬೇಡ ಅಂದರು. ಚಕ್ರ ಬೇಡ ಅಂದ ದಿನ ಇವರು ಏಜೆಂಟನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ಏನ್ಲಾ ಆಗೈತೆ ನಿನ್ನ ಕಂಪನಿಗೆ? ಚಕ್ರ ಇಲ್ದೆ ಇಳಿಯಾದು ಹೆಂಗ್ಲಾ?"

ಏಜೆಂಟ್ ಹೇಳಿದ. ಎಣ್ಣೆ ರೇಟು ಏರಿದೆಯಂತೆ. ಸಣ್ಣ ಸಣ್ಣ ಕಂಪನಿಗಳು ಬಂದು ಕಡಿಮೆಗೆ ಹತ್ತಿಸಿಕೊಂಡು ಹೋಗುತ್ತಿವೆಯಂತೆ. ಈ ಕಂಪನಿಯದು ದೊಡ್ಡ ಸಂಸಾರ, ದೊಡ್ಡ ದರ್ಬಾರು, ನಡೆಸಲಾರದೆ ಊರಿನ ಮಧ್ಯದ ಕಟ್ಟಡ ಮಾರಿದರಂತೆ, ಈಗ ದಾರಿಗಳನ್ನು ಒಂದೊಂದಾಗಿ ಮಾರುತ್ತಿದ್ದಾರಂತೆ.

"ದಾರಿ ಮಾರಾದಾ? ಆಕಾಸದಾಗಿರೋ ದಾರೀನೂ ಮಾರ್ತಾರೇನ್ಲಾ?"

"ಎಲ್ಲಾನೂ ಮಾರ್ತಾರೆ ಕಣಯ್ಯಾ."

ಇವರು ಪಕ್ಕದಲ್ಲಿದ್ದ ಒಂದು ಚಕ್ರ ಎತ್ತಿ ತಿರುಗಿಸಿ ನೋಡಿದರು. ಆಮೇಲೆ, ಚಕ್ರ ತೆಗೆದರೆ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ, ನಾವೇ ಸುಮ್ಮನೆ ಹಾಕಿಕೊಡೋಣ ಅಂದರು. ಅದಕ್ಕೆ ಏಜೆಂಟ್ ರೇಗಿದ. ಅವನಿಗೂ ಅವತ್ತು ತಲೆ ಕೆಟ್ಟಿತ್ತು ಅಂತ ಕಾಣುತ್ತದೆ. "ಯಾವ ಮಕ್ಕಳು ಮಾರಾಯಾ? ಇಳಿಯೋವಾಗ ಸೀಟಿನ ಮೇಲೇ ಬುಟ್ಟು ಓಯ್ತವೆ. ಕಸ ಗುಡಿಸೋರು ಚೀಲಕ್ಕೆ ತುಂಬಿ ಬಿಸಾಕ್ತಾರೆ. ಅಲ್ಲಿ ಮಕ್ಕಳಿಗೆ ಆಟದ ಸಾಮಾನಿಗೆ ಬರವೇನು? ನಿನ್ನ ಮರದ ತುಂಡು ಯಾವನಿಗೆ ಬೇಕು?" ಅಂದುಬಿಟ್ಟ.

ಬಾಯಲ್ಲಿ ಹುಳ ಬೀಳಾ ಅಂತ ನಾನು ಬಯ್ದೆ, ಅವನ ಎದುರಿಗೇ. ಅವನೂ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು, ಒಡೆದ ಮುತ್ತು. ಇವರು ಎದ್ದು ಲೇತಿನ ಮುಂದೆ ಹೋಗಿ ಕೂತರು. ಅವತ್ತೂ ಒಂದೊಂದರ ಮೂತಿಯನ್ನೂ ಸವರಿದರು, "ಓಗ್ಬುಟ್ಟು ಬಾ ಮಗ" ಅಂದರು. ಆದರೆ ದನಿಯಲ್ಲಿ ಮೊದಲಿನ ನಂಬಿಕೆ ಇರಲಿಲ್ಲ. ನನಗೆ ಕೇಳಿಸುತ್ತಿತ್ತು.

ಕೊನೆಗೆ ಎದುರು ಮನೆಯವರ ಟೀವಿಯಲ್ಲಿ ನೋಡಿದೆವು. ಸಂದಿಯವರೆಲ್ಲ ಬಾಗಿಲವರೆಗೆ ಕೂತಿದ್ದೆವು. ಕಂಪನಿ ಮುಚ್ಚಿತಂತೆ. ನೀಲಿ ಬಟ್ಟೆಯ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಟೋಪಿ ಕೈಯಲ್ಲಿ ಹಿಡಿದ ಪೈಲಟ್ ಒಬ್ಬ ಎತ್ತಲೋ ನೋಡುತ್ತ ನಿಂತಿದ್ದ. ಅವನ ಹಿಂದೆ ಆ ವಿಮಾನ, ಉದ್ದಕ್ಕೆ ಪಟ್ಟೆ. ಒಂದೆರಡು ನಿಮಿಷ ತೋರಿಸಿ ಕ್ರಿಕೆಟ್ಟಿಗೆ ಹೋದರು. ನಮ್ಮ ಜಗಲಿಯ ಮೇಲೆ ಕೂತು ನನ್ನ ಬಳೆ ಹಿಡಿದು ನಕ್ಕ ಆ ಅಮ್ಮ ಎಲ್ಲಿದ್ದಳೋ. ಅವಳೂ ಅಳುತ್ತಿದ್ದಳೋ ಏನೋ ಅನ್ನಿಸಿ ನನಗೂ ಅಳು ಬಂತು.

ಕಳಿಸದೆ ಉಳಿದ ವಿಮಾನಗಳು ಮನೆತುಂಬ ಇದ್ದವು. ರೆಕ್ಕೆ ಕಿತ್ತು, ಕೆಳಗೆ ಮೊಳೆ ಹೊಡೆದರೆ ಬುಗುರಿಯಾಗುತ್ತದೆ, ಮಾಗಡಿ ಸಂತೆಯಲ್ಲಿ ಹೋಗುತ್ತದೆ ಅಂದ ಏಜೆಂಟ್. ಬುಗುರಿ ಅಂತ ಮೊದಲು ಬಯ್ದವನೂ ಅವನೇ! ಇವರು ಕೀಳಲಾರೆ ಅಂದರು. ಬದುಕು ನಡೆಯಬೇಕಲ್ಲ, ನಾನೇ ಕೂತು ಕಿತ್ತೆ. ನಾನು ಉಜ್ಜಿ ಉಜ್ಜಿ ದುಂಡಗೆ ಮಾಡಿದ ರೆಕ್ಕೆಗಳನ್ನು ನಾನೇ ನೀರೊಲೆಗೆ ಹಾಕಿದೆ. ಅರಗು ಮೆತ್ತಿದ ಮರ, ಚೆನ್ನಾಗಿ ಉರಿಯಿತು. ಅವತ್ತು ಇವರು ಸ್ನಾನ ಮಾಡಲಿಲ್ಲ.

ಅಲ್ಲಿಂದ ಮುಂದೆ ನಾವು ಏನೇನೋ ಮಾಡಿದೆವು. ಗಿಲಕಿ, ಕುಂಕುಮದ ಭರಣಿ, ಕೀಚೈನು. ಹೊಟ್ಟೆಗೆ ಕಡಿಮೆಯಾಗಲಿಲ್ಲ. ಆದರೆ ಏಜೆಂಟನ ಆ ಒಂದು ಮಾತು ಇವರನ್ನು ಬಿಡಲಿಲ್ಲ. ಒಂದೇ ಒಂದು ಮಗುವಾದರೂ ಇವರ ವಿಮಾನವನ್ನು ಮನೆಗೆ ತೆಗೆದುಕೊಂಡು ಹೋಗಿ ಆಡಿತೋ ಇಲ್ಲವೋ? ಇಷ್ಟೇ ತಿಳಿಯಬೇಕಿತ್ತು. ರಾಮನಗರದ ಹತ್ತಿರ ಹೆದ್ದಾರಿಯ ಗೊಂಬೆ ಅಂಗಡಿಗೆ ಮಾಲು ಕೊಡಲು ಹೋದಾಗ ಬಿಳಿಯರು ಕಂಡರೆ ಸಾಕು, ನನಗೆ ಕೀಳಲು ಕೊಡದೆ ಉಳಿಸಿಕೊಂಡಿದ್ದ ಒಂದು ಬಳೆ ವಿಮಾನವನ್ನು ಚೀಲದಿಂದ ತೆಗೆದು ತೋರಿಸುವುದು, ಕೈಸನ್ನೆಯಲ್ಲಿ ಕೇಳುವುದು. ಅವರು ಕೊಳ್ಳಿ ಅನ್ನುತ್ತಿದ್ದಾನೆ ಅಂದುಕೊಂಡು ನೋ ನೋ ಅನ್ನುತ್ತಿದ್ದರು. ಒಮ್ಮೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಕಾರ್ ಫ್ಯಾಕ್ಟರಿಯ ವಿದೇಶದವನೊಬ್ಬ ಸಿಕ್ಕಿದ. ಇವರು ಅವನಿಗೂ ತೋರಿಸಿದರು. ಅವನು ಅಮೆರಿಕದವನಲ್ಲ, ಜಪಾನಿನವನು. ಪಾಪ, ಎರಡೂ ಕೈಯಲ್ಲಿ ವಿಮಾನ ಹಿಡಿದು, ಬಗ್ಗಿ ನಮಸ್ಕಾರ ಮಾಡಿ ವಾಪಸ್ಸು ಕೊಟ್ಟ. ಇವರೂ ಬಗ್ಗಿದರು. ಅವನು ಮತ್ತೆ ಬಗ್ಗಿದ. ಇಡ್ಲಿ ಆರುವವರೆಗೆ ಇದೇ ಆಯಿತು. ಮಾನ ತೆಗೀಬೇಡಿ ಮಾರಾಯ್ರೇ ಅಂತ ನಾನು ಶರ್ಟು ಹಿಡಿದು ಎಳೆದೆ.

ಹೊಸ ಎಕ್ಸ್‌ಪ್ರೆಸ್ ಹೈವೇ ಊರಿನ ಪಕ್ಕದಲ್ಲೇ ಹಾದುಹೋದ ಮೇಲೆ ಅಂಗಡಿಗಳ ಮುಂದೆ ಕಾರು ನಿಲ್ಲುವುದೂ ಕಡಿಮೆಯಾಯಿತು. ಕೇಳಲು ಬಿಳಿಯರೂ ಸಿಗದಾದರು. ಅಷ್ಟರಲ್ಲಿ ಇವರ ಕಣ್ಣೂ ಹೋಯಿತು. ಕಣ್ಣಿನ ನರ ಒಣಗಿದೆ, ಆಪರೇಷನ್ನಿಗೂ ಬರುವುದಿಲ್ಲ ಅಂದರು ಡಾಕ್ಟರು. ಬೆಳಕು ಕತ್ತಲೆ ತಿಳಿಯುತ್ತದೆ, ಅಷ್ಟೇ. ಲೇತು ಮಾರಿದೆವು. ಹಗಲೆಲ್ಲ ಜಗಲಿಯ ಮೇಲೆ ಕೂತು, ಕೈಗೆ ಸಿಕ್ಕಿದ್ದನ್ನು ಹೆಬ್ಬೆರಳಿನಲ್ಲಿ ಸವರುತ್ತಿರುತ್ತಾರೆ. ಲೋಟ, ಕಂಬ, ನನ್ನ ಮೊಣಕೈ. ಮುದುಕ ತಲೆ ತಿನ್ನುತ್ತಾನೆ ಅಂತ ಗೊಣಗುತ್ತೇನೆ, ಮೊಣಕೈ ಅಲ್ಲೇ ಇಡುತ್ತೇನೆ.

ಅವತ್ತು ಬಾಲ ಚುಚ್ಚಿ ಕಿರುಚಿದ ಎದುರು ಮನೆಯ ಕೂಸು ಈಗ ದೊಡ್ಡ ಹೆಂಗಸು. ತವರಿನಲ್ಲೇ ಕೂತು, ಸಂದಿಯವರ ಗೊಂಬೆಗಳನ್ನು ಫೋನಿನಲ್ಲೇ ಊರೂರಿಗೆ ಮಾರುತ್ತಾಳೆ. ಹೋದ ವರ್ಷ ಒಂದು ಮಧ್ಯಾಹ್ನ ಓಡಿಬಂದು ಫೋನ್ ನನ್ನ ಮುಖಕ್ಕೆ ಹಿಡಿದಳು.

"ದೊಡ್ಡಮ್ಮಾ, ನೋಡು!"

ನೋಡಿದೆ. ಬಿಳಿ ಮೈ, ಕುತ್ತಿಗೆ, ಹೊಟ್ಟೆ, ಸೊಂಟಕ್ಕೆ ನೀಲಿ ಬಳೆ. ಪ್ರಪಂಚದಲ್ಲಿ ಇನ್ಯಾವ ವಿಮಾನವೂ ಬಳೆ ತೊಟ್ಟಿಲ್ಲ. ಅಮೆರಿಕದ ಯಾವುದೋ ಮುದುಕಿ ಹಳೆಯ ಸಾಮಾನು ಮಾರಲು ಹಾಕಿದ್ದಳು. ಮುಚ್ಚಿಹೋದ ವಿಮಾನ ಕಂಪನಿಯದು, ಪಟ್ಟೆ ತಪ್ಪಾಗಿ ಬಳಿದ ಅಪರೂಪದ ಆಟಿಕೆ ಅಂತ ಕೆಳಗೆ ಬರೆದಿತ್ತಂತೆ. ತಪ್ಪಂತೆ ತಪ್ಪು! ಅವಳ ತಲೆ!

ಇವರಿಗೆ ಹೇಳಿದೆವು. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಫೋನ್ ಇಸಿದುಕೊಂಡು ಹೆಬ್ಬೆರಳಿನಲ್ಲಿ ಗಾಜನ್ನು ಸವರಿದರು.

"ನುಣ್ಣಗೈತೆ," ಅಂದರು.

"ಅದು ಗಾಜು ಕಣ್ರೀ. ಒಳಗೆ ವಿಮಾನ ಐತೆ. ಫಳಫಳ ಹೊಳೀತೈತೆ, ನಿನ್ನೆ ಮಾಡಿದಂಗೆ."

"ಹೊಳೀತೈತಾ?" ಅವರ ಮುಖ ಇಳಿಯಿತು. "ಇಷ್ಟು ವರ್ಸ ಆದ್ರೂ ಹೊಳೀತೈತೆ ಅಂದ್ರೆ ಯಾರೂ ಮುಟ್ಟಿಲ್ಲ ಕಣೇ. ಪೆಟ್ಟಿಗೇಲಿ ಮಡ್ಗವ್ರೆ. ಆಡಿದ್ರೆ ಮುರಿದು ಮಣ್ಣಾಗಿರ್ತಿತ್ತು. ಆ ಏಜೆಂಟು ಹೇಳಿದ್ದೇ ದಿಟ."

ಆ ಹುಡುಗಿ ಇವರನ್ನೇ ನೋಡುತ್ತಿದ್ದಳು. ಫೋನ್ ತೆಗೆದುಕೊಂಡು ಎದ್ದು ಹೋದಳು.

ಅವಳು ಅದನ್ನು ತರಿಸುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಪಾರ್ಸಲ್ಲು ಬಂದ ದಿನ ನಾನು ಸೊಪ್ಪು ಬಿಡಿಸುತ್ತಿದ್ದೆ. ಯಾಕೆ ತರಿಸಿದೆ, ಎಷ್ಟಾಯಿತು ಅಂತ ಕೇಳಿದರೆ ಜಗಳಕ್ಕೇ ಬಂದಳು. "ನನ್ ಹಲ್ಲು ನಿಮ್ಮನೆ ಗೂಡಲ್ಲಿ ಐತಾ ಇಲ್ವಾ? ಮತ್ತೆ ಸುಮ್ಕಿರು ದೊಡ್ಡಮ್ಮ," ಅಂದಳು. ಡಬ್ಬ ಕತ್ತರಿಸಿದಳು. ಕಾಗದದ ಚೂರುಗಳ ಮಧ್ಯೆ ನಮ್ಮ ವಿಮಾನ. ಅದನ್ನು ಎತ್ತಿ ನೇರವಾಗಿ ಇವರ ಅಂಗೈಯಲ್ಲಿಟ್ಟಳು. ಬೆಳ್ಳಗೆ ಹೊಸದರಂತೆ ಇರದಿರಲಿ ದೇವರೇ ಅಂತ ಬೇಡಿಕೊಂಡೆ. ಹಳೆಯದಾಗಿರಲಿ, ಹಾಳಾಗಿರಲಿ ಅಂತ ಬೇಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ.

ಇವರು ಮೊದಲು ಬಾಲ ಸವರಿದರು. ಆಮೇಲೆ ಹೊಟ್ಟೆ, ಬಳೆಯ ಮೇಲೆ ಬಳೆ. ಎಡಗಡೆಯ ರೆಕ್ಕೆಗೆ ಬಂದು ನಿಂತರು. "ಇಲ್ಲಿ ಏನೋ ಐತೆ, ನೋಡು" ಅಂದರು. ಬಗ್ಗಿ ನೋಡಿದೆ. ಫೋನಿನ ಚಿತ್ರದಲ್ಲಿ ಕಾಣದಿದ್ದ ಮಗ್ಗುಲು ಅದು. ನನ್ನ ರೆಕ್ಕೆ ನಡುವೆ ಮುರಿದಿತ್ತು. ಮುರಿದಲ್ಲಿ ಯಾರೋ ಗೋಂದು ಹಾಕಿ, ಅದು ಬಿಡದಿರಲಿ ಅಂತ ಕೆಂಪು ದಾರವನ್ನು ಒತ್ತೊತ್ತಾಗಿ ಸುತ್ತಿ, ಗಂಟು ಹಾಕಿದ್ದರು. ಗೋಂದು ಹಳದಿಯಾಗಿತ್ತು. ದಾರ ಎಳೆ ಎದ್ದು, ಕೊಳೆ ಹಿಡಿದು ಕಪ್ಪಾಗಿತ್ತು. ಯಾವುದೋ ಮಗು ಮುರಿದುಕೊಂಡು ಅತ್ತಿದೆ, ಯಾವಳೋ ತಾಯಿ ಕೂತು ಕಟ್ಟಿಕೊಟ್ಟಿದ್ದಾಳೆ, ಮಗು ಅದರಲ್ಲೇ ಮತ್ತೆ ಆಡಿದೆ. ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಹೆಬ್ಬೆರಳು ಮೂತಿಗೆ ಹೋಗಿತ್ತು. ಅಲ್ಲಿ ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಅಲ್ಲೇ ನಿಂತಿತು. ಆ ಮಗ್ಗುಲಿಗೇ ಅರಗು ಎದ್ದುಹೋಗಿ, ಮರದಲ್ಲಿ ಪುಟ್ಟ ಪುಟ್ಟ ಕುಳಿಗಳು.

"ಕಚ್ಚೈತೆ ಕಣೇ," ಅಂದರು ಇವರು. ನಗುತ್ತಿದ್ದರೋ ಅಳುತ್ತಿದ್ದರೋ, ಆ ಮುಖದಲ್ಲಿ ಎರಡೂ ಇತ್ತು. "ಮಗ ಕಚ್ಚೈತೆ. ಚೆನ್ನಾಗಿ ಕಡ್ದೈತೆ."

ಎದುರು ಮನೆಯ ಹುಡುಗಿ ದುಪಟ್ಟಾದಲ್ಲಿ ಮುಖ ಒರೆಸಿಕೊಳ್ಳುತ್ತ, ಗೂಡಿನಲ್ಲಿಡೋಣ ಕೊಡಿ, ನಾನು ಕಚ್ಚಿದ್ದರ ಪಕ್ಕದಲ್ಲಿ ಇಡುತ್ತೇನೆ ಅಂತ ಕೈ ಚಾಚಿದಳು. ಇವರು ಕೊಡಲಿಲ್ಲ. ವಿಮಾನವನ್ನು ಎದೆಯ ಹತ್ತಿರ ಹಿಡಿದು, ಮೂತಿಯ ಮೇಲೆ ಹೆಬ್ಬೆರಳಿಟ್ಟು, ನಾವಿಬ್ಬರೂ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಅದಕ್ಕೆ ಹೇಳಿದರು:

"ಬಂದ್ಬುಟ್ಯಾ ಮಗ."